22,500 ರೂಪಾಯಿಯ ಸಣ್ಣ ಲ್ಯಾಪ್‌ಟಾಪ್: ಕೊಳ್ಳುವ ಮೊದಲು ನಮ್ಮ ಮನೆಯಲ್ಲಿ ಆದದ್ದನ್ನು ಓದಿ

ಕಾಲೇಜು ಸೇರುವ ಮಕ್ಕಳಿಗೆ ಇಪ್ಪತ್ತು ಇಪ್ಪತ್ತೈದು ಸಾವಿರದೊಳಗೆ ಒಂದು ಸಣ್ಣ ಲ್ಯಾಪ್‌ಟಾಪ್ ಕೊಡಿಸಬೇಕೆಂದು ಹೊರಟವರು ದಯವಿಟ್ಟು ಇದನ್ನು ಓದಿ ಹೋಗಿ. 2023ರ ಜೂನ್‌ನಲ್ಲಿ ವಿಜಯಪುರದಲ್ಲಿ ನಾನು ಅಕ್ಕನ ಮಗಳಿಗೆ ಕೊಡಿಸಿದ್ದು ಹದಿನಾಲ್ಕು ತಿಂಗಳಿಗೆ ನಿಂತುಹೋಯಿತು. ಬರೀ ನಿಂತಿದ್ದರೆ ಸಹಿಸಬಹುದಿತ್ತು. ಒಳಗಿದ್ದದ್ದನ್ನೆಲ್ಲ ತನ್ನ ಜೊತೆಗೇ ಒಯ್ದಿತು.

ಹುಡುಗಿ ಪಿಯುಸಿ ಮುಗಿಸಿ ಬಿಸಿಎ ಸೇರಿದ್ದಳು. ಭಾವನದು ತಿಕೋಟಾ ಕಡೆ ಮೂರು ಎಕರೆ ದ್ರಾಕ್ಷಿ. ಒಣದ್ರಾಕ್ಷಿ ಮಾರಿ ಬಂದದ್ದರಲ್ಲಿ ಔಷಧದ ಅಂಗಡಿಯ ಬಾಕಿ, ಸೊಸೈಟಿ ಸಾಲ ಎಲ್ಲ ಕಳೆದು ಉಳಿದದ್ದರಿಂದ ಇಪ್ಪತ್ತೈದು ಸಾವಿರ ಎಣಿಸಿ ನನ್ನ ಕೈಗಿಟ್ಟರು. 'ನೀ ಸಾಲಿ ಮಾಸ್ತರ, ನಿನಗ ತಿಳೀತೈತಿ. ಚಲೋದು ನೋಡಿ ಕೊಡಸು' ಅಂದರು. ನನಗೆ ಗೊತ್ತಿದ್ದದ್ದು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಶಾಲೆಯ ಅಂಕಪಟ್ಟಿ ತಯಾರಿಸುವುದು. ಅಷ್ಟರ ಮೇಲೆ ಆ ದುಡ್ಡಿನ ಹೊಣೆ ಹೊತ್ತೆ.

ಅಂಗಡಿಯಲ್ಲಿ ಹುಡುಗ ತೋರಿಸಿದ್ದು 11.6 ಇಂಚಿನ ಪರದೆಯದು. ನೋಡಲು ಚಂದ, ಕೈಯಲ್ಲಿ ಹಿಡಿದರೆ ಹಗುರ. 'ನಾಕ ಜಿಬಿ ರ‍್ಯಾಮ್, 64 ಜಿಬಿ ಎಸ್‌ಎಸ್‌ಡಿ, ಒರಿಜಿನಲ್ ವಿಂಡೋಸ್ 11. ಮುಂದ ಸಾಲಲಿಲ್ಲಂದ್ರ ರ‍್ಯಾಮ್ ಏರಸಬೌದ್ರಿ ಸರ, ಎರಡ ಸಾವಿರದಾಗ ಆಗತೈತಿ' ಅಂದ (ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಯಂತ್ರ ಬಳಸುವ ತಾತ್ಕಾಲಿಕ ಮೆಮೊರಿ, ಎಸ್‌ಎಸ್‌ಡಿ ಅಂದರೆ ಫೈಲುಗಳನ್ನು ಇಡುವ ಚುರುಕಾದ ಡಿಸ್ಕು). ಆ ಕೊನೆಯ ಮಾತಿಗೇ ನಾನು ದುಡ್ಡು ತೆಗೆದದ್ದು. ಈಗ ಸಾಲದಿದ್ದರೂ ಮುಂದಿನ ವರ್ಷ ಮಾಲು ಬಂದಾಗ ಏರಿಸಿಕೊಳ್ಳಬಹುದು ಅನ್ನುವ ಧೈರ್ಯ ಬಂತು. 22,500 ಕೊಟ್ಟು ಬಿಲ್ ತೆಗೆದುಕೊಂಡೆ. ಬಿಲ್ಲಿನಲ್ಲಿ ಮಾಡೆಲ್ ನಂಬರ್ ಮತ್ತು ಬೆಲೆ ಮಾತ್ರ ಇತ್ತು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ತೂಕ ಒಂದು ಕಿಲೋ ಚಿಲ್ಲರೆ. ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ನಿಂತು ಬರುವ ಹುಡುಗಿಗೆ ಅದು ದೊಡ್ಡ ಅನುಕೂಲ. ಒಳಗೆ ಫ್ಯಾನೇ ಇಲ್ಲ, ಹಾಗಾಗಿ ಸದ್ದಿಲ್ಲ. ನಮ್ಮ ಕಡೆಯ ಧೂಳಿಗೆ ನನ್ನ ಶಾಲೆಯ ಕಂಪ್ಯೂಟರ್‌ನ ಫ್ಯಾನ್ ವರ್ಷಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ, ಇದಕ್ಕೆ ಆ ಕಾಟವಿರಲಿಲ್ಲ. ಕರೆಂಟು ಹೋದರೂ ಆರು ತಾಸು ನಡೆಯುತ್ತಿತ್ತು. ಕೀಲಿಮಣೆ ನಿಜವಾಗಿಯೂ ಚೆನ್ನಾಗಿತ್ತು, ನಾನೇ ಅದರಲ್ಲಿ ಎರಡು ಪ್ರಶ್ನೆಪತ್ರಿಕೆ ಟೈಪ್ ಮಾಡಿದ್ದೇನೆ.

ಆದರೆ ಆ ಎರಡು ಪ್ರಶ್ನೆಪತ್ರಿಕೆಗೂ ಮೊದಲು ಒಂದು ತೊಡಕು ಬಂತು. ನುಡಿ ಹಾಕಲು ಹೋದರೆ ಬಿಡಲೇ ಇಲ್ಲ. ವಿಂಡೋಸ್ 'ಎಸ್ ಮೋಡ್'ನಲ್ಲಿತ್ತು. ಆ ಮೋಡ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುವ ತಂತ್ರಾಂಶಗಳನ್ನಷ್ಟೇ ಹಾಕಲು ಬರುತ್ತದೆ. ಅದರಿಂದ ಹೊರಗೆ ಬರಲು ದುಡ್ಡು ಕೊಡಬೇಕಿಲ್ಲ, ಸ್ಟೋರ್‌ನಲ್ಲೇ ದಾರಿ ಇದೆ. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಹೋಗಲು ಆಗುವುದಿಲ್ಲ, ಅಷ್ಟೆ. ಇದು ಗೊತ್ತಿಲ್ಲದೆ ಹುಡುಗಿ ಒಂದು ವಾರ ಜಾವಾ ಹಾಕಲಾಗದೆ ಒದ್ದಾಡಿದಳು. ಲ್ಯಾಬಿನಲ್ಲಿ ಎಲ್ಲರ ಮುಂದೆ ಕೇಳಲು ಅವಳಿಗೆ ಸಂಕೋಚ. ಮೊದಲ ಸಲ ಕಂಪ್ಯೂಟರ್ ಮುಟ್ಟಿದ ಮಕ್ಕಳು ಇಂಥ ಕಡೆ ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ಆಮೇಲೆ ಜಾಗದ ಸಮಸ್ಯೆ. ಡಬ್ಬಿಯ ಮೇಲೆ 64 ಜಿಬಿ, ಪರದೆಯ ಮೇಲೆ 58 ಚಿಲ್ಲರೆ. ಇದರಲ್ಲಿ ಮೋಸವಿಲ್ಲ. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಜೊತೆಗೆ ರಿಪೇರಿಗೆಂದು ಒಂದಷ್ಟು ಜಾಗ ಬಚ್ಚಿಟ್ಟಿರುತ್ತಾರೆ. ಉಳಿದದ್ದರಲ್ಲಿ ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ಅರ್ಧಕ್ಕಿಂತ ಹೆಚ್ಚು ತಿಂದವು. ಕಾಲೇಜಿಗೆ ಬೇಕಾದ್ದನ್ನು ಹಾಕಿದ ಮೇಲೆ ನಾಲ್ಕೈದು ಜಿಬಿ ಉಳಿಯುತ್ತಿತ್ತು. ಡಿಸೆಂಬರ್ ಹೊತ್ತಿಗೆ ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದು, ಪೆನ್‌ಡ್ರೈವ್ ಹಚ್ಚಿ ಎಂದು ಕೇಳಿತು. ವಿಂಡೋಸ್ 11ಕ್ಕೆ ಕನಿಷ್ಠ ಬೇಕಾದದ್ದೇ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ. ನಾವು ಕೊಂಡದ್ದು ಆ ಕನಿಷ್ಠ ಗೆರೆಯ ಮೇಲೆ ನಿಂತ ಯಂತ್ರ. ಕೆಲಸಕ್ಕೆಂದು ಅದರಲ್ಲಿ ಒಂದಿಷ್ಟೂ ಮಿಕ್ಕಿರಲಿಲ್ಲ. ಇದನ್ನು ಅಂಗಡಿಯಲ್ಲಿ ಯಾರಾದರೂ ಒಂದು ಮಾತು ಹೇಳಿದ್ದರೆ ನಾನು ಆವತ್ತು ಬರಿಗೈಲಿ ವಾಪಸ್ ಬರುತ್ತಿದ್ದೆ.

ನಿಧಾನ ಅನ್ನುವುದು ಹೇಗೆ ಅಂತ ಹೇಳುತ್ತೇನೆ. ಆನ್‌ಲೈನ್ ತರಗತಿ ಒಂದು ಕಡೆ, ನೋಟ್ಸ್ ಇನ್ನೊಂದು ಕಡೆ ತೆರೆದರೆ ಅಕ್ಷರ ಒತ್ತಿ ಎರಡು ಸೆಕೆಂಡಿಗೆ ಪರದೆಯ ಮೇಲೆ ಬರುತ್ತಿತ್ತು. ಯಂತ್ರದ ಮೇಲಿನ ಹೊರೆ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೆಮೊರಿ 90ರ ಮೇಲೆ, ಡಿಸ್ಕ್ ನೂರಕ್ಕೆ ನೂರು. ರ‍್ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಾದದ್ದನ್ನು ಡಿಸ್ಕಿಗೆ ಬರೆದಿಟ್ಟು, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಡಿಸ್ಕು ಚುರುಕಾಗಿದ್ದರೆ ಇದು ನಮಗೆ ಅಷ್ಟಾಗಿ ತಿಳಿಯುವುದಿಲ್ಲ. ನಮ್ಮದರಲ್ಲಿ ಇದ್ದದ್ದು ಎಸ್‌ಎಸ್‌ಡಿ ಅಲ್ಲವೇ ಅಲ್ಲ, ಇಎಂಎಂಸಿ. ಮೊಬೈಲ್‌ಗಳಿಗೆಂದು ಬಂದ, ಬೋರ್ಡಿಗೇ ಬೆಸೆದಿಡುವ ಸಂಗ್ರಹದ ಚಿಪ್ಪು ಅದು. ಅದರ ಅತಿ ಹೆಚ್ಚಿನ ವೇಗ ಕಾಗದದ ಮೇಲೇ ಸೆಕೆಂಡಿಗೆ 400 ಎಂಬಿ, ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಸಾಧಾರಣ ಎಸ್‌ಎಸ್‌ಡಿಯದು 550ರ ಹತ್ತಿರ. ಚೂರುಚೂರು ಫೈಲುಗಳನ್ನು ಬರೆಯುವಾಗ ಅಂತರ ಇನ್ನೂ ದೊಡ್ಡದು. ಮನೆಗೆ ಬಂದು ಡಬ್ಬಿಯ ಬದಿ ನೋಡಿದರೆ ಇಎಂಎಂಸಿ ಎಂದು ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಎಸ್‌ಎಸ್‌ಡಿ ಎಂದು ಹೇಳಿದ್ದು ಅಂಗಡಿಯವನ ಬಾಯಿ.

ಪ್ರೊಸೆಸರ್ ಸೆಲೆರಾನ್ ಎನ್4020. ಎರಡೇ ಕೋರ್, 6 ವಾಟ್‌ನದು, ಮಾರುಕಟ್ಟೆಗೆ ಬಂದದ್ದು 2019ರ ಕೊನೆಗೆ. ಅಂದರೆ ನಾನು 2023ರಲ್ಲಿ ಹೊಸದೆಂದು ಕೊಂಡದ್ದರ ಮಿದುಳಿಗೆ ಆಗಲೇ ಮೂರೂವರೆ ವರ್ಷ. ಆ ಚಿಪ್ಪನ್ನು ದೂರುವುದಿಲ್ಲ, ಅಷ್ಟು ಕಡಿಮೆ ವಿದ್ಯುತ್ತಿನಲ್ಲಿ ಅದು ತನ್ನ ಕೆಲಸ ಮಾಡುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನ ನಮ್ಮ ಊರಿನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ, ಫ್ಯಾನಿಲ್ಲದ ಯಂತ್ರ ಬಿಸಿಯಾಗಿ ತನ್ನನ್ನು ಕಾಪಾಡಿಕೊಳ್ಳಲು ವೇಗ ಇನ್ನೂ ಇಳಿಸುತ್ತದೆ. ಮಳೆಗಾಲದಲ್ಲಿ ನಾನು ಹೊಗಳಿದ್ದ ಆ ಸದ್ದಿಲ್ಲದ ಗುಣಕ್ಕೆ ಬೇಸಿಗೆಯಲ್ಲಿ ಹುಡುಗಿ ಬೆಲೆ ತೆತ್ತಳು. ಪ್ರಾಜೆಕ್ಟ್ ಕೆಲಸವನ್ನು ಬೆಳಗಿನ ನಾಲ್ಕಕ್ಕೆ ಎದ್ದು ಮಾಡುತ್ತಿದ್ದಳು, ಆಗ ತುಸು ಓಡುತ್ತದೆ ಎಂದು. ಪರದೆಯ ಬಗ್ಗೆ ಒಂದೇ ಮಾತು: ನೇರ ಎದುರು ಕೂತರೆ ಸರಿ, ತುಸು ಓರೆಯಾದರೂ ಬಣ್ಣ ಕೆಡುತ್ತದೆ, ಕಟ್ಟೆಯ ಮೇಲೆ ಬೆಳಕಿನಲ್ಲಿ ಏನೂ ಕಾಣುವುದಿಲ್ಲ.

ಆ ಮೇ ತಿಂಗಳಲ್ಲಿ ರ‍್ಯಾಮ್ ಏರಿಸೋಣವೆಂದು ಅದೇ ಅಂಗಡಿಗೆ ಹೋದೆವು. ಅಲ್ಲಿನ ರಿಪೇರಿಯವನು ಹಿಂದಿನ ತಿರುಪು ಬಿಚ್ಚಿ ತೋರಿಸಿದ. ಅಂಗೈಯಷ್ಟು ಬೋರ್ಡು, ಉಳಿದದ್ದೆಲ್ಲ ಬ್ಯಾಟರಿ. ರ‍್ಯಾಮ್ ಕೂರಿಸುವ ಸ್ಲಾಟ್ ಇಲ್ಲ, ಎಸ್‌ಎಸ್‌ಡಿ ಹಾಕುವ ಜಾಗವೂ ಇಲ್ಲ. ಎಲ್ಲ ಬೆಸುಗೆ. ಕೌಂಟರಿನಲ್ಲಿದ್ದವರನ್ನು ಕೇಳಿದೆ. 'ಕಂಪನಿಯವರು ಹಂಗ ಮಾಡ್ಯಾರ್ರಿ, ನಾವೇನ್ ಮಾಡೂದು' ಅಂದರು. ಏರಿಸಬಹುದೆಂದು ಹೇಳಿದ್ದ ಹುಡುಗ ಆಗಲೇ ಕೆಲಸ ಬಿಟ್ಟಿದ್ದನಂತೆ. ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ. ಆದರೆ ನನ್ನ ಕೈಯಲ್ಲಿ ಇದ್ದದ್ದೇನು? ಬರೀ ಮಾಡೆಲ್ ನಂಬರಿನ ಬಿಲ್ಲು. ಬಾಯಿಮಾತಿಗೆ ಸಾಕ್ಷಿ ಇರಲಿಲ್ಲ. ನೀವು ಕೊಳ್ಳುವಾಗ 'ರ‍್ಯಾಮ್ ಏರಿಸಬಹುದು, 8 ಜಿಬಿಯವರೆಗೆ' ಎಂದು ಅಂಗಡಿಯವರು ಹೇಳಿದರೆ, ಅದನ್ನೇ ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ನಿಜ ಹೇಳುವವರು ಬರೆದುಕೊಡುತ್ತಾರೆ.

ವಾರಂಟಿ ಒಂದು ವರ್ಷದ್ದು, ಜೂನ್‌ಗೆ ಮುಗಿಯಿತು. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಕಂಪನಿಯ ಗುರುತು ತೋರಿಸಿ, ಆಮೇಲೆ ಬೂಟ್ ಮಾಡಲು ಡಿಸ್ಕ್ ಸಿಗುತ್ತಿಲ್ಲ ಎಂದು ನಿಂತಿತು. ಈ ಸಲ ಬೇರೆಯೊಬ್ಬ ರಿಪೇರಿಯವರ ಹತ್ತಿರ ಒಯ್ದೆವು. ಇಎಂಎಂಸಿ ಹೋಗಿದೆ ಎಂದರು. ಇಂಥ ಚಿಪ್ಪಿನ ಕೋಶಗಳನ್ನು ಇಷ್ಟೇ ಸಲ ಬರೆಯಬಹುದು ಅನ್ನುವ ಮಿತಿ ಇರುತ್ತದೆ. ರ‍್ಯಾಮ್ ಸಾಲದೆ ದಿನವಿಡೀ ಡಿಸ್ಕಿಗೆ ಬರೆಯುತ್ತಿದ್ದರೆ, ಅದೂ ಜಾಗ ತುಂಬಿ ತುಳುಕುವಾಗ, ಸವೆತ ಬೇಗ ಬರುತ್ತದೆ ಎಂದು ವಿವರಿಸಿದರು. ಚಿಪ್ಪು ಮಾತ್ರ ಬದಲಿಸಲು ಬರುವುದಿಲ್ಲ, ಮದರ್‌ಬೋರ್ಡೇ ಬೇಕು, 14,500. 'ಬ್ಯಾರೆ ಲ್ಯಾಪ್‌ಟಾಪ್ ಆಗಿದ್ರ ಡಿಸ್ಕ್ ಬಿಚ್ಚಿ ಇನ್ನೊಂದಕ್ಕ ಹಚ್ಚಿ ಫೈಲಾದ್ರೂ ತಗೀಬೌದಿತ್ರಿ. ಇದರಾಗ ಬಿಚ್ಚಾಕ ಏನೈತಿ?' ಅಂದರು. ಚಿಪ್ಪು ಕಿತ್ತು ಓದಿಸುವವರನ್ನೂ ಫೋನಿನಲ್ಲಿ ವಿಚಾರಿಸಿದೆ, ಕೇಳಿದ ದುಡ್ಡು ಲ್ಯಾಪ್‌ಟಾಪ್‌ಗೆ ಕೊಟ್ಟದ್ದಕ್ಕಿಂತ ಹೆಚ್ಚು, ಅದಕ್ಕೂ ಖಾತ್ರಿ ಇಲ್ಲ.

ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು. ಸಣ್ಣ ಲ್ಯಾಪ್‌ಟಾಪ್ ನೋಡುವಾಗ ನಾವು ವೇಗ, ಬ್ಯಾಟರಿ, ಬಣ್ಣ ನೋಡುತ್ತೇವೆ. ಮೊದಲು ಕೇಳಬೇಕಾದದ್ದು ಇದರಲ್ಲಿ ಏನೇನು ಬಿಚ್ಚಲು ಬರುತ್ತದೆ ಎಂದು. ಬಿಚ್ಚಲು ಬಂದರೆ ಕೆಟ್ಟದ್ದನ್ನು ಬದಲಿಸಬಹುದು, ಸಾಲದ್ದನ್ನು ಏರಿಸಬಹುದು, ಸತ್ತರೂ ಒಳಗಿನದನ್ನು ಹೊರತೆಗೆಯಬಹುದು. ನಿಧಾನ ಇದ್ದರೂ ಪರವಾಗಿಲ್ಲ, ಬೆಸೆದದ್ದು ಬೇಡ.

ಅಂಗಡಿಯಲ್ಲಿ ಆನ್ ಮಾಡಿಟ್ಟ ಯಂತ್ರ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದರೆ ಕೆಳಗೆ 'ಫಾರ್ಮ್ ಫ್ಯಾಕ್ಟರ್' ಎಂದಿರುತ್ತದೆ. ಅಲ್ಲಿ 'ರೋ ಆಫ್ ಚಿಪ್ಸ್' ಎಂದಿದ್ದರೆ ಆ ರ‍್ಯಾಮ್ ಸಾಮಾನ್ಯವಾಗಿ ಬೆಸೆದದ್ದು, 'ಎಸ್‌ಒಡಿಐಎಂಎಂ' ಎಂದಿದ್ದರೆ ಸ್ಲಾಟಿನಲ್ಲಿ ಕೂತದ್ದು. ಸಂಗ್ರಹಕ್ಕೆ ಡಬ್ಬಿಯ ಬದಿಯ ಸಣ್ಣ ಅಕ್ಷರ ಓದಿ, ಇಎಂಎಂಸಿ ಎಂದಿದ್ದರೆ ಡಬ್ಬಿ ಅಲ್ಲೇ ಇಡಿ. ಎಂ.2 ಸ್ಲಾಟ್, ಅಂದರೆ ಎಸ್‌ಎಸ್‌ಡಿ ಕೂರಿಸುವ ಜಾಗ, ಇದೆ ಎಂದರೆ ಅದು ಸಾಟಾಗಿಂತ ಚುರುಕಾದ ಎನ್‌ವಿಎಂಇ ತೆಗೆದುಕೊಳ್ಳುತ್ತದೋ ಸಾಟಾ ಮಾತ್ರವೋ ಅದನ್ನೂ ಕೇಳಿ, ಎರಡರ ಆಕಾರ ಒಂದೇ ಇರುವುದರಿಂದ ಆಮೇಲೆ ತಪ್ಪು ಕೊಂಡು ತರುವವರು ಬಹಳ.

ಹೊಸದಕ್ಕೇ ದುಡ್ಡು ಸಾಲದಿದ್ದರೆ, ಕಚೇರಿಗಳಲ್ಲಿ ಬಳಸಿ ಬಿಟ್ಟ ಹಳೆಯ ದಪ್ಪ ಲ್ಯಾಪ್‌ಟಾಪ್ ನೋಡುವುದು ಎಷ್ಟೋ ವಾಸಿ. ತೂಕ ಜಾಸ್ತಿ, ಬ್ಯಾಟರಿ ಬದಲಿಸಬೇಕಾದೀತು, ಆದರೆ ಅವುಗಳಲ್ಲಿ ಬಹಳಷ್ಟರಲ್ಲಿ ರ‍್ಯಾಮ್, ಡಿಸ್ಕ್ ಎರಡೂ ಬಿಚ್ಚಲು ಬರುತ್ತವೆ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ಮೇಲಿನದೇ ಇರಲಿ. ಅದಕ್ಕಿಂತ ಹಳೆಯ ಮಾದರಿಗಳು ಬಹುತೇಕ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗ ಹುಡುಗಿ ಬಳಸುತ್ತಿರುವುದು ಅಂಥದೇ ಒಂದು, ಕಡಿಮೆ ದುಡ್ಡಿಗೆ ಸಿಕ್ಕದ್ದು. ತರುವ ಮೊದಲು ಹಿಂದಿನ ಮುಚ್ಚಳ ಬಿಚ್ಚಿಸಿ ಕಣ್ಣಾರೆ ನೋಡಿದೆ.

ಕಳೆದುಹೋದ ಪ್ರಾಜೆಕ್ಟನ್ನು ಅವಳು ಮತ್ತೆ ಬರೆದಳು, ಹದಿನೈದು ದಿನ ನಿದ್ದೆಗೆಟ್ಟು. ಮತ್ತೆ ಬರೆಯಲಾಗದ್ದು ಬೇರೆ ಇತ್ತು. ಅದರ ಹಿಂದಿನ ದಸರಾ ರಜೆಯಲ್ಲಿ ಅವಳು ನಮ್ಮ ಅವ್ವನ ಬಾಯಿಂದ ಬೀಸುಕಲ್ಲಿನ ಪದಗಳನ್ನು ಫೋನಿನಲ್ಲಿ ಹಿಡಿದಿದ್ದಳು, ಹದಿನೇಳು ಪದ. ಫೋನ್ ತುಂಬಿತೆಂದು ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಹಾಕಿ ಫೋನಿನಿಂದ ಅಳಿಸಿದ್ದಳು. ಅವೆಲ್ಲ ಸೇರಿ 200 ಎಂಬಿಯೂ ಇರಲಿಲ್ಲ. ಗೂಗಲ್ ಖಾತೆಯಲ್ಲಿ 15 ಜಿಬಿ ಪುಕ್ಕಟೆ ಇರುತ್ತದೆ ಎಂದು ಅವಳಿಗೆ ನಾನು ಹೇಳಿಕೊಡಬೇಕಿತ್ತು.

ಈ ದೀಪಾವಳಿಗೆ ಮತ್ತೆ ಅವ್ವನ ಮುಂದೆ ಕೂತೆವು. ಬೀಸುಕಲ್ಲನ್ನೂ ತಂದಿಟ್ಟು, ಒಂದು ಹಿಡಿ ಜೋಳ ಹಾಕಿ, ಗೂಟ ಅವ್ವನ ಕೈಗೆ ಕೊಟ್ಟೆವು. ಆರು ಪದ ಬಂದವು. ಏಳನೆಯದರ ಮೊದಲ ಸಾಲು ಹೇಳಿ ನಿಂತಳು, ಕಲ್ಲು ಮಾತ್ರ ತಿರುಗುತ್ತಿತ್ತು. 'ಮುಂದಿಂದು ಹೋಗೈತಿ ತಮ್ಮಾ' ಅಂದಳು. ಆ ಆರನ್ನು ಈಗ ಮೂರು ಕಡೆ ಇಟ್ಟಿದ್ದೇವೆ.