ವಿಂಡೋಸ್ ಡಿಫೆಂಡರ್: ವರ್ಷಗಳ ಬಳಕೆಯ ನಂತರ

ಮನೆ ಕಂಪ್ಯೂಟರಿಗೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಬೇಕಾ? ನನ್ನನ್ನು ಕೇಳಿದರೆ ಬೇಡ. ವಿಂಡೋಸ್ ಜೊತೆಗೇ ಬರುವ ಡಿಫೆಂಡರನ್ನು ವರ್ಷಗಳಿಂದ ಬಳಸುತ್ತಿದ್ದೇನೆ, ಅದೇ ಸಾಕು. ಆದರೆ ಸುಮ್ನೆ ಇದೆ ಅಂತ ಬಿಟ್ಟರೆ ಸಾಲದು. ಕೆಲವು ಸ್ವಿಚ್‌ಗಳನ್ನು ನಾವೇ ನೋಡಬೇಕು.

ಡಿಫೆಂಡರ್ ಅಂದರೆ ಕೆಲವರು ಈಗಲೂ ಮೂಗು ಮುರಿಯುತ್ತಾರೆ. 2006ರಲ್ಲಿ ಬಂದಾಗ ಅದು ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ಪ್ರೋಗ್ರಾಂ) ಮಾತ್ರ ಹಿಡಿಯುತ್ತಿತ್ತು. ಪೂರ್ತಿ ಆಂಟಿವೈರಸ್ ಆಗಿದ್ದು 2012ರಲ್ಲಿ, ವಿಂಡೋಸ್ 8ರ ಜೊತೆ. ಆಗಿನ ಕೆಟ್ಟ ಹೆಸರು ಇನ್ನೂ ಹೋಗಿಲ್ಲ.

ನಮ್ಮ ಮನೆಗೆ ವೈರಸ್ ಬರೋದು ಜಾಸ್ತಿ ಪೆನ್‌ಡ್ರೈವ್‌ನಿಂದಲೇ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಬಂದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಫುಲ್ ಸ್ಕ್ಯಾನ್ ಕೊಟ್ಟರೂ ಡಿಫೆಂಡರ್ ಪೆನ್‌ಡ್ರೈವನ್ನು ತಾನಾಗಿ ನೋಡುವುದಿಲ್ಲ. ಹಾಗಾಗಿ ತೆರೆಯುವ ಮೊದಲೇ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಡುತ್ತೇನೆ. ವೈರಸ್ ಹೋದ ಮೇಲೂ ಫೈಲ್ ಕಾಣಿಸದಿದ್ದರೆ ಗಾಬರಿ ಬೇಡ. ಹೆಚ್ಚಾಗಿ ಅವು ಅಲ್ಲೇ ಅಡಗಿರುತ್ತವೆ, ಹಿಡನ್ ಫೈಲ್ಸ್ ತೋರಿಸುವ ಆಯ್ಕೆ ಆನ್ ಮಾಡಿ ನೋಡಿ.

ನನಗೆ ತುಂಬಾ ಇಷ್ಟವಾದದ್ದು ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್. 2017ರ ಮೇನಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಜಗತ್ತನ್ನೇ ನಡುಗಿಸಿತಲ್ಲ, ಅದೇ ವರ್ಷದ ಕೊನೆಯಲ್ಲಿ ಇದು ವಿಂಡೋಸ್ 10ಕ್ಕೆ ಬಂತು. ನಂಬಿಕೆಯ ಪ್ರೋಗ್ರಾಂ ಬಿಟ್ಟು ಬೇರೆ ಯಾವುದೂ ನಿಮ್ಮ ಫೋಟೊ, ಡಾಕ್ಯುಮೆಂಟ್‌ಗಳನ್ನು ಬದಲಿಸದಂತೆ ತಡೆಯುತ್ತದೆ. ಮೊದಲಿಗೆ ಇದು ಆಫ್ ಇರುತ್ತದೆ, ರಾನ್ಸಮ್‌ವೇರ್ ಪ್ರೊಟೆಕ್ಷನ್ ಕೆಳಗೆ ಆನ್ ಮಾಡಬೇಕು. ಹಳೇ ಸಾಫ್ಟ್‌ವೇರ್‌ಗಳಿಗೆ ಫೈಲ್ ಸೇವ್ ಮಾಡಲು ಬಿಡದೇ ಇರಬಹುದು. ಆಗ ಅವನ್ನು ಅನುಮತಿ ಪಟ್ಟಿಗೆ ಸೇರಿಸಿದರಾಯಿತು.

ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇದ್ದವರು ಇಂದೇ ಎಕ್ಸ್‌ಕ್ಲೂಷನ್ಸ್ ಪಟ್ಟಿ ನೋಡಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಡುವವರು ಅಲ್ಲಿ ಫೋಲ್ಡರ್‌ಗಳನ್ನೇ ಸೇರಿಸಿಬಿಡುತ್ತಾರೆ, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ. ಹಾಗೆ ಸೇರಿಸಿದ ಜಾಗವನ್ನು ಡಿಫೆಂಡರ್ ಮುಟ್ಟುವುದೇ ಇಲ್ಲ. ಹಸಿರು ಟಿಕ್ ಮಾತ್ರ ಕಾಣುತ್ತಿರುತ್ತದೆ. ಪರಿಚಯದವರೊಬ್ಬರ ಮನೆಯಲ್ಲಿ ಇದನ್ನು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಅಂತ ಫೋನ್ ಮಾಡುವವರಿಂದ ಯಾವ ಆಂಟಿವೈರಸ್ಸೂ ಕಾಪಾಡುವುದಿಲ್ಲ. ಅವರು ಹೇಳಿದ ಸ್ಕ್ರೀನ್ ಹಂಚುವ ಆ್ಯಪ್ ಹಾಕಬೇಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ವಿಂಡೋಸ್ 10 ಇರುವವರಿಗೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಆದರೆ ವಿಂಡೋಸಿನಲ್ಲೇ ಇರುವ ತೂತುಗಳನ್ನು ಆ ಪಟ್ಟಿ ಮುಚ್ಚುವುದಿಲ್ಲ. ಭದ್ರತಾ ಅಪ್‌ಡೇಟ್ ನಿಂತ ಕಂಪ್ಯೂಟರಿನಲ್ಲಿ ನಾನಂತೂ ಬ್ಯಾಂಕ್ ಕೆಲಸ ಮಾಡುವುದಿಲ್ಲ.