ಚರ್ಚಿನ ಅಂಗಳಕ್ಕೆ ಮಾಡಿಸಿದ ಕೆಲಸ: ಬೆಳಗಾವಿಯ ಒಂದು ಉದ್ಯಾನ ಸಂಸ್ಥೆಯ ಬಗ್ಗೆ

ಬೆಳಗಾವಿಯಲ್ಲಿ ಮನೆ ಮುಂದೆ ಹುಲ್ಲು ಹಾಸಿಕೊಡುವವರು, ಮಂಗಲ ಕಾರ್ಯಾಲಯಕ್ಕೆ ಕಾರಂಜಿ ಕಟ್ಟಿಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಜನ ನಿಂತು, ಮಂಡಿಯೂರಿ ಪ್ರಾರ್ಥಿಸುವ ಬಯಲನ್ನು ರೂಪಿಸಿಕೊಡಿ ಎಂದರೆ ಮಾತ್ರ ಬಹುತೇಕರಿಗೆ ಏನು ಕೇಳುತ್ತಿದ್ದೇವೆಂದೇ ತಿಳಿಯುವುದಿಲ್ಲ. ನಮ್ಮ ಧರ್ಮಕೇಂದ್ರದ ಆವರಣಕ್ಕೆ ಈ ಕೆಲಸ ಮಾಡಿಕೊಟ್ಟದ್ದು ಗಂಡ ಹೆಂಡತಿ ಸೇರಿ ನಡೆಸುವ ಸಣ್ಣ ಸಂಸ್ಥೆ. ಅವರು ನಕ್ಷೆ ಹಾಕುತ್ತಾರೆ, ಆಕೆ ನರ್ಸರಿ ನೋಡಿಕೊಳ್ಳುತ್ತಾರೆ. ಹೊಗಳಿಕೆಯ ಜೊತೆ ದೂರುಗಳೂ ಇರುವುದರಿಂದ ಹೆಸರು ಬರೆಯುತ್ತಿಲ್ಲ. ಬೇರೆ ಚರ್ಚುಗಳ ಸಮಿತಿಯವರಿಗೆ ಉಪಯೋಗವಾಗಲಿ ಎಂದು ಕೆಲಸದ ವಿವರವನ್ನೇ ಬರೆಯುತ್ತೇನೆ. ನಾನು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಪಾಲನಾ ಸಮಿತಿಯಲ್ಲಿ ಅಂಗಳದ ಜವಾಬ್ದಾರಿ ನನ್ನದು.

ಇವರಿಗಿಂತ ಮೊದಲು ಇನ್ನೊಬ್ಬ ಗುತ್ತಿಗೆದಾರರು ಕಂಪ್ಯೂಟರಿನಲ್ಲಿ ಬಿಡಿಸಿದ ಬಣ್ಣದ ಚಿತ್ರಗಳನ್ನು ತಂದು ತೋರಿಸಿದ್ದರು. ಮುಂಭಾಗವೆಲ್ಲ ಹಸಿರು ಹುಲ್ಲು, ಎರಡು ಸಾಲು ರಾಯಲ್ ಪಾಮ್, ನಡುವೆ ಕಾರಂಜಿ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆದು ಒಂದೊಂದು ಸ್ಥಳದಲ್ಲಿ ನಿಂತು ಪ್ರಾರ್ಥಿಸುವ ಶಿಲುಬೆ ಹಾದಿಗೆ ಜಾಗ ಸಾಲದು, ಹತ್ತು ಸ್ಥಳಗಳನ್ನು ಮಾಡಿ ಮುಗಿಸೋಣ ಎಂದರು. ಹದಿನಾಲ್ಕು ಎಂಬ ಸಂಖ್ಯೆಯನ್ನು 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಗೊತ್ತುಪಡಿಸಿದ್ದಾರೆ, ಅದು ನಮ್ಮ ಅನುಕೂಲಕ್ಕೆ ಕಡಿಮೆಯಾಗುವಂಥದ್ದಲ್ಲ ಎಂದು ಫಾದರ್ ತಾಳ್ಮೆಯಿಂದ ಹೇಳಿದರು. ಮಾತು ಅಲ್ಲಿಗೇ ನಿಂತಿತು.

ಈ ದಂಪತಿ ಬಂದಾಗ ಕೈಯಲ್ಲಿ ಚಿತ್ರ ಇರಲಿಲ್ಲ, ಅಳತೆಯ ಪಟ್ಟಿ ಇತ್ತು. ಅವರು ಕೇಳಿದ ಮೊದಲ ಪ್ರಶ್ನೆಯಿಂದಲೇ ನನಗೆ ಭರವಸೆ ಬಂತು: "ಅಕ್ಕೋರೇ, ವರ್ಷದಲ್ಲಿ ಯಾವ ಯಾವ ದಿನ ಜನ ಹೊರಗೆ ಸೇರುತ್ತಾರೆ, ಎಷ್ಟು ಹೊತ್ತಿಗೆ, ಯಾವ ಕಡೆ ಮುಖ ಮಾಡಿ ನಿಲ್ಲುತ್ತಾರೆ?" ಅವರು ಕ್ರೈಸ್ತರಲ್ಲ. ನಮ್ಮ ಪೂಜಾ ಪಂಚಾಂಗವನ್ನು ಇಡೀ ವರ್ಷಕ್ಕೆ ಬರೆಸಿಕೊಂಡರು. ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ, ಮಾತೆ ಮರಿಯಳ ಗವಿಯ ಮುಂದೆ ಜಪಮಾಲೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿ. ಗರಿಗಳ ಭಾನುವಾರದ ಮೆರವಣಿಗೆ. ಈಸ್ಟರಿನ ಹಿಂದಿನ ರಾತ್ರಿ, ಪಾಸ್ಖ ಜಾಗರಣೆಯಲ್ಲಿ, ಹೊಸ ಬೆಂಕಿ ಹೊತ್ತಿಸುವುದು. ಅಕ್ಟೋಬರ್ ಪೂರ್ತಿ ಜಪಮಾಲೆ. ನವೆಂಬರ್ 2ಕ್ಕೆ ಸಮಾಧಿಗಳ ಆಶೀರ್ವಾದ.

ಪಟ್ಟಿ ಮುಗಿದ ಮೇಲೆ ಅವರು ತೋರಿಸಿಕೊಟ್ಟ ಸಂಗತಿ ಕಣ್ಣ ಮುಂದೆಯೇ ಇತ್ತು, ಯಾರೂ ಗಮನಿಸಿರಲಿಲ್ಲ. ಬೆಳಗಾವಿಯ ಅಂಗಳ ಹಸಿರಾಗಿರುವುದು ಜೂನಿನಿಂದ ಸೆಪ್ಟೆಂಬರ್ ತನಕ, ಆಗ ಮಳೆಗೆ ಯಾರೂ ಹೊರಗೆ ನಿಲ್ಲುವುದಿಲ್ಲ. ನಾವು ಹೆಚ್ಚು ಹೊತ್ತು ಹೊರಗಿರುವುದು ಫೆಬ್ರವರಿಯಿಂದ ಏಪ್ರಿಲ್ ತನಕ, ನೆಲ ಒಣಗಿ ಬಿರುಕು ಬಿಡುವ ಕಾಲದಲ್ಲಿ. ಹಾಗಾಗಿ ಈ ಅಂಗಳಕ್ಕೆ ಬೇಕಾದದ್ದು ಹೂವಲ್ಲ, ಹುಲ್ಲಲ್ಲ, ಮಾರ್ಚಿನ ಮಧ್ಯಾಹ್ನದ ನೆರಳು ಎಂದರು. ನಕ್ಷೆಯೆಲ್ಲ ಇದೊಂದು ಮಾತಿನಿಂದ ಹುಟ್ಟಿತು.

ಶುಭ ಶುಕ್ರವಾರ ಮೂರು ಗಂಟೆಗೆ ಬಿಸಿಲು ಪಶ್ಚಿಮದಿಂದ ಬೀಳುತ್ತದೆ. ಆದ್ದರಿಂದ ಹಾದಿಯನ್ನು ಪೂರ್ವದ ಗೋಡೆಯ ಪಕ್ಕಕ್ಕೆ ಸರಿಸಿ ಮರಗಳ ಸಾಲನ್ನು ಹಾದಿಯ ಪಶ್ಚಿಮಕ್ಕೆ ಇಟ್ಟರು. ಗುಲ್‌ಮೊಹರ್ ಬೇಕೆಂದು ಸಮಿತಿಯಲ್ಲಿ ಕೆಲವರು ಪಟ್ಟು ಹಿಡಿದಿದ್ದರು. ಮಡಗಾಸ್ಕರ್ ಮೂಲದ ಆ ಮರ ಹೂವಿಗೆ ಚೆಂದವೇ, ಆದರೆ ತಪಸ್ಸು ಕಾಲದಲ್ಲಿ ಎಲೆಯುದುರಿ ಬೋಳಾಗಿರುತ್ತದೆ, ಗಾಳಿ ಮಳೆಗೆ ಕೊಂಬೆ ಮುರಿಯುತ್ತದೆ. ನೆಟ್ಟಗೆ ಕಂಬದಂತೆ ಬೆಳೆಯುವ ಅಶೋಕದ ಗತಿಯೂ ಅಷ್ಟೇ, ಅದರ ಬುಡದಲ್ಲಿ ಒಬ್ಬರಿಗೂ ನೆರಳಿಲ್ಲ. ಅವರು ಆರಿಸಿದ್ದು ಬಕುಲ ಮತ್ತು ಹೊಂಗೆ. ಬಕುಲ ನಿಧಾನ, ಆದರೆ ವರ್ಷವಿಡೀ ಎಲೆ ತುಂಬಿರುತ್ತದೆ, ಉದುರಿದ ಹೂವು ಒಣಗಿದರೂ ಪರಿಮಳ ಕಳೆದುಕೊಳ್ಳುವುದಿಲ್ಲ. ಹೊಂಗೆ ಬೇಸಿಗೆಯ ಹೊಸ್ತಿಲಲ್ಲಿ ಎಲೆ ಉದುರಿಸಿದರೂ ಬಹುಬೇಗ ಚಿಗುರುತ್ತದೆ. ಬಕುಲ ದೊಡ್ಡದಾಗುವವರೆಗೆ ಹೊಂಗೆ ನೆರಳು ಕೊಡಲಿ ಎಂಬ ಲೆಕ್ಕಾಚಾರ ನನಗೆ ಬಹಳ ಹಿಡಿಸಿತು. ಊರಿನ ದಂಡು ಪ್ರದೇಶವಾದ ಕ್ಯಾಂಪಿನ ಹಳೆಯ ಮರಗಳ ಕೆಳಗೆ ಇಂದಿಗೂ ನಡೆದಾಡುವ ನಾವು, ಅವನ್ನು ನೆಟ್ಟವರಿಗೆ ಇಂಥ ದೂರದೃಷ್ಟಿ ಇತ್ತೆಂದು ಮರೆತುಬಿಡುತ್ತೇವೆ.

ಹಾದಿಯ ವಿನ್ಯಾಸವನ್ನು ಸ್ವಲ್ಪ ವಿವರಿಸಬೇಕು. ಹಾದಿ ಐದು ಅಡಿ ಅಗಲ, ಪ್ರತಿಯೊಂದು ಸ್ಥಳದ ಮುಂದೆ ಮಾತ್ರ ಅರ್ಧಚಂದ್ರದಂತೆ ಅಗಲವಾಗುತ್ತದೆ. ಏಕೆಂದರೆ ಜನ ನಡೆಯುವಾಗ ಸಾಲಾಗಿರುತ್ತಾರೆ, ಪ್ರಾರ್ಥಿಸುವಾಗ ಗುಂಪಾಗುತ್ತಾರೆ. ಈ ಅಗಲ ಇಲ್ಲದಿದ್ದರೆ ಹಿಂದಿನವರು ಪಾತಿಯೊಳಗೆ ನಿಂತು ಗಿಡ ತುಳಿಯುತ್ತಾರೆ. ಮಂಡಿಯೂರುವ ಕಡೆ ಕಲ್ಲಿನ ಅಂಚನ್ನು ಉಜ್ಜಿ ದುಂಡಗೆ ಮಾಡಿಸಿದ್ದಾರೆ. ಕೈ ಆಸರೆಯಿಲ್ಲದೆ ಏಳಲಾರದ ಹಿರಿಯರಿಗೆ ಪ್ರತಿ ಸ್ಥಳದಲ್ಲೂ ಕಬ್ಬಿಣದ ಹಿಡಿಕೆ ಇದೆ. ಗಾಲಿಕುರ್ಚಿ ಹೋಗುವ ಇಳಿಜಾರು ಹನ್ನೆರಡು ಅಡಿಗೆ ಒಂದು ಅಡಿಗಿಂತ ಎಲ್ಲೂ ಕಡಿದಾಗಿಲ್ಲ, ನಾನೇ ಪಟ್ಟಿ ಹಿಡಿದು ಅಳೆದಿದ್ದೇನೆ.

ಮೂರ್ತಿಗಳಿಗೆ ಹಣ ಎಲ್ಲಿಂದ ತರುವುದು ಎಂಬ ಚಿಂತೆ ಇತ್ತು. ಶಿಲುಬೆ ಹಾದಿಗೆ ಅಗತ್ಯವಾದದ್ದು ಹದಿನಾಲ್ಕು ಶಿಲುಬೆಗಳು, ಚಿತ್ರ ಮೂರ್ತಿಗಳು ವಾಡಿಕೆಯಿಂದ ಬಂದವು ಎಂದು ಫಾದರ್ ಹೇಳಿದ ಮೇಲೆ ದಾರಿ ಸುಲಭವಾಯಿತು. ಜಂಬಿಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ತೇಗದ ಶಿಲುಬೆ ನಿಲ್ಲಿಸಿದರು. ಗೆದ್ದಲು ಹತ್ತದಂತೆ ಮರ ಎಲ್ಲೂ ಮಣ್ಣಿಗೆ ತಾಗುವುದಿಲ್ಲ, ಕೆಳಗೆ ಕಬ್ಬಿಣದ ಪಟ್ಟಿ ಇದೆ. ಪ್ರತಿ ಕಂಬದಲ್ಲೂ ಕನ್ನಡ, ಕೊಂಕಣಿ ಎರಡೂ ಭಾಷೆಯ ಬರಹ ಇದೆ. ಮೂರ್ತಿ ಬೇಕೆನ್ನುವವರು ಮುಂದೆ ಸೇರಿಸಿಕೊಳ್ಳಬಹುದು.

ಗವಿಯೂ ಜಂಬಿಟ್ಟಿಗೆಯದೇ. 1858ರಲ್ಲಿ ಬರ್ನದೆತ್ತ ಎಂಬ ಹುಡುಗಿಗೆ ಮಾತೆ ಕಾಣಿಸಿಕೊಂಡ, ಫ್ರಾನ್ಸಿನ ಲೂರ್ದಿನ ಗವಿ ನಿಜವಾದ ಬಂಡೆಯದು, ನಮ್ಮಲ್ಲಿ ಸಿಮೆಂಟು ಮೆತ್ತಿ ಬೂದು ಬಣ್ಣ ಬಳಿದು ಬಂಡೆಯ ವೇಷ ಹಾಕಿಸುತ್ತೇವೆ. ಎರಡು ಮಳೆಗಾಲಕ್ಕೆ ಬಣ್ಣ ಸುಲಿಯುತ್ತದೆ. ಜಂಬಿಟ್ಟಿಗೆ ಗಣಿಯಿಂದ ಬಂದಾಗ ಮೆದು, ಗಾಳಿಗೆ ಬಿದ್ದಷ್ಟೂ ಗಟ್ಟಿ. ಮಳೆಗಾಲದಲ್ಲಿ ಅದರ ರಂಧ್ರಗಳಲ್ಲಿ ಪಾಚಿ, ಜರೀಗಿಡ ತಾವಾಗಿಯೇ ಹುಟ್ಟಿವೆ. ಮೇಣದಬತ್ತಿಗೆ ಮೂರು ಕಡೆ ಗೋಡೆಯಿರುವ ಗೂಡು, ಒಳಗೆ ಮರಳು ತುಂಬಿದ ತಟ್ಟೆ. ಹಳೆಯ ಗವಿಯ ಮುಂದಿನ ಫರ್ಸಿ ಕಲ್ಲಿನಲ್ಲಿ ಇಳಿದ ಮೇಣವನ್ನು ಚಾಕುವಿನಿಂದ ಕೆರೆಯುತ್ತಿದ್ದ ನಮ್ಮ ಮಾಲಿಗೆ ಇದೇ ದೊಡ್ಡ ಉಪಕಾರ.

ಹುಲ್ಲುಹಾಸು ಒಂದು ಮೂಲೆಗಷ್ಟೇ. ನೂರು ಚದರ ಮೀಟರ್ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ 400ರಿಂದ 500 ಲೀಟರ್ ನೀರು ಬೇಕು. ರಾಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು ಕುಡಿಯುವ ಊರಿನಲ್ಲಿ, ನೆರೆಮನೆಯವರು ಟ್ಯಾಂಕರ್ ಕಾಯುತ್ತಿರುವಾಗ ಚರ್ಚಿನವರು ಹುಲ್ಲಿಗೆ ನೀರು ಹಾಯಿಸುವುದು ನನಗೆ ಸರಿಕಾಣುವುದಿಲ್ಲ. ಬದಲಿಗೆ ಮಾಡಿನ ನೀರನ್ನು ಹಿಡಿಯುವ ವ್ಯವಸ್ಥೆ ಮಾಡಿಸಿದರು. ಇನ್ನೂರು ಚದರ ಮೀಟರ್ ಹೆಂಚಿನ ಮಾಡಿನ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,000 ಲೀಟರ್. ತೊಟ್ಟಿ ತುಂಬಿದ ಮೇಲೆ ಹೆಚ್ಚಿನದು ಇಂಗುಗುಂಡಿಗೆ ಹೋಗುತ್ತದೆ. ಹೊಸ ಬೆಂಕಿ ಹೊತ್ತಿಸುವ ಜಾಗಕ್ಕೆ ಹುಲ್ಲಿಲ್ಲದ, ಕಲ್ಲು ಹಾಸಿದ ಒಂದು ವೃತ್ತ, ಮೇಲೆ ಕೊಂಬೆ ಚಾಚದಷ್ಟು ದೂರದಲ್ಲಿ.

ಈಗ ದೂರುಗಳು. ಬಂದ ಬಕುಲದ ಸಸಿಗಳಲ್ಲಿ ಒಂದರ ಪ್ಲಾಸ್ಟಿಕ್ ಚೀಲವನ್ನು ನಾನು ಬ್ಲೇಡಿನಿಂದ ಸೀಳಿ ನೋಡಿದೆ. ಬೇರುಗಳು ಮಣ್ಣನ್ನೇ ಬಿಗಿದು ತಳದಲ್ಲಿ ಸುತ್ತಿಕೊಂಡಿದ್ದವು, ತುದಿಗಳು ಕಪ್ಪಾಗಿ ಒಣಗಿದ್ದವು. ಇಂಥ ಸಸಿ ನೆಟ್ಟರೆ ಕೆಲವು ವರ್ಷ ಚೆನ್ನಾಗಿಯೇ ಕಂಡು, ಆಮೇಲೆ ತನ್ನ ಬೇರಿನಿಂದಲೇ ಕತ್ತು ಹಿಸುಕಿಕೊಳ್ಳುತ್ತದೆ. ನರ್ಸರಿಯ ಒಡತಿಗೆ ತೋರಿಸಿದಾಗ ವಾದ ಮಾಡದೆ ಅಷ್ಟನ್ನೂ ಬದಲಿಸಿಕೊಟ್ಟರು. ಆದರೆ ನಾನು ಸೀಳಿ ನೋಡದಿದ್ದರೆ? ಇದು ಅವರೇ ನೋಡಿ ಕಳುಹಿಸಬೇಕಾದದ್ದು.

ಎರಡನೆಯದು ಹೆಚ್ಚು ಗಂಭೀರ. ಮೊದಲ ಮಳೆಗಾಲದಲ್ಲಿ ಒಂಬತ್ತನೆಯ ಸ್ಥಳದ ಮುಂದೆ ನೀರು ನಿಂತಿತು. ಕೆಂಪು ಮಣ್ಣಿನ ಕೆಳಗೆ ಗಟ್ಟಿ ಪದರ ಇದೆ, ನೀರು ಅಲ್ಲಿ ಇಳಿಯುವುದಿಲ್ಲ ಎಂಬುದನ್ನು ಗುಂಡಿ ತೋಡಿದಾಗಲೇ ಗಮನಿಸಬೇಕಿತ್ತು. ಜಲ್ಲಿ ತುಂಬಿದ ಕಾಲುವೆ ತೆಗೆದು ಸರಿಪಡಿಸಿದರು, ಕೆಲಸ ಅಚ್ಚುಕಟ್ಟಾಗಿಯೇ ಆಯಿತು, ಆದರೆ ಅದರ ಖರ್ಚಿನಲ್ಲಿ ಅರ್ಧ ನಮ್ಮಿಂದ ಕೇಳಿದರು. ಇದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸಮಿತಿ ಕೊಟ್ಟುಬಿಟ್ಟಿತು. ಕರಿ ಗ್ರಾನೈಟಿನ ಬೆಂಚುಗಳೂ ತಪ್ಪು ಆಯ್ಕೆ. ಮರಗಳು ಬೆಳೆಯುವವರೆಗೆ ಏಪ್ರಿಲಿನಲ್ಲಿ ಅವುಗಳ ಮೇಲೆ ಕೂರಲಾಗುವುದಿಲ್ಲ.

ಇಷ್ಟಿದ್ದರೂ ಮತ್ತೊಮ್ಮೆ ಕೆಲಸ ಇದ್ದರೆ ಇವರನ್ನೇ ಕರೆಯುತ್ತೇನೆ. ಮುಗಿಸಿ ಹೋಗುವಾಗ ಮಾಲಿಯನ್ನು ಕೂರಿಸಿಕೊಂಡು ಯಾವ ತಿಂಗಳು ಏನು ಮಾಡಬೇಕೆಂದು ವಿವರವಾಗಿ ಹೇಳಿಕೊಟ್ಟರು, ಗೋಡೆಗೆ ಒಂದು ಹಾಳೆಯನ್ನೂ ಅಂಟಿಸಿದರು. ಇದಕ್ಕೆ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಇಲ್ಲ.

ಬಾಗಲಕೋಟೆ, ವಿಜಯಪುರ ಕಡೆಯವರು ನಮ್ಮ ನಕ್ಷೆಯನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ನಿಮ್ಮದು ಕಪ್ಪು ಮಣ್ಣು, ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಯಲ್ಲಿ ಉಬ್ಬುತ್ತದೆ, ಕಲ್ಲಿನ ಹಾಸು ಎದ್ದುಬಿಡುತ್ತದೆ. ಅಡಿಪಾಯವೇ ಬೇರೆ ಬೇಕು, ಮಳೆಯೂ ನಮ್ಮಷ್ಟು ಇಲ್ಲ. ಬೆಳಗಾವಿಯವರಾದರೆ ದೀಪಾವಳಿ ಮುಗಿದ ಕೂಡಲೇ ಇವರನ್ನು ಕರೆಸಿ, ತಪಸ್ಸು ಕಾಲದ ಒಂದು ಶುಕ್ರವಾರವಾದರೂ ಅವರು ನಿಮ್ಮ ಜನರ ಜೊತೆ ನಡೆಯಲಿ. ಗುಂಡಿ ಏಪ್ರಿಲ್, ಮೇ ತಿಂಗಳಲ್ಲಿ ತೋಡಿ ಬಿಸಿಲಿಗೆ ಬಿಡಿ, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ ಮೊದಲ ಮಳೆ ಬಿದ್ದ ಮೇಲೆ ನೆಡಿ. ನೀರು ನಿಂತರೆ ಸರಿಪಡಿಸುವ ಖರ್ಚು ಯಾರದೆಂದು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.