ಎರಡು ಬುಟ್ಟಿ, ಒಂದೂವರೆ ಗರಿಗರಿ

ನಮ್ಮ ಮನೆಯಲ್ಲಿ ನಾಲ್ಕು ಜನ. ಮೂವರು ಮೀನು ತಿನ್ನುವವರು, ಒಬ್ಬರು ತಿನ್ನದವರು. ಆ ಒಬ್ಬರು ನಮ್ಮ ಅತ್ತೆ. ಹನ್ನೆರಡು ವರ್ಷದ ಹಿಂದೆ ಹರಕೆ ಹೊತ್ತು ಮೀನು ಬಿಟ್ಟವರು, ಮತ್ತೆ ಬಾಯಿಗಿಟ್ಟಿಲ್ಲ. ಹಾಗಂತ ನಮಗೂ ಬೇಡ ಅನ್ನುವವರಲ್ಲ. ಬಂಗುಡೆ ತಾಜಾ ಉಂಟಾ ಅಂತ ನನ್ನ ಕೈಯಲ್ಲಿ ಕಿವಿರು ಎತ್ತಿಸಿ, ದೂರದಿಂದಲೇ ನೋಡಿ ತೀರ್ಪು ಕೊಡುವವರು ಈಗಲೂ ಅವರೇ. ಆದರೆ ಅವರ ಕಾವಲಿ ಬೇರೆ, ಮೀನಿನ ಕಾವಲಿ ಬೇರೆ.

ಎರಡು ಬುಟ್ಟಿಯ ಏರ್ ಫ್ರೈಯರ್ ತೆಗೆದುಕೊಂಡದ್ದು ಅದಕ್ಕೇ. ಎಡಗಡೆ ಬಂಗುಡೆ ರವಾ ಫ್ರೈ, ಬಲಗಡೆ ಅತ್ತೆಗೆ ಜೀಗುಜ್ಜೆ, ಅಂದರೆ ಬೇರುಹಲಸು. ಎರಡೂ ಒಟ್ಟಿಗೆ ರೆಡಿ, ಎರಡೂ ಗರಿಗರಿ. ಜಾಹೀರಾತಿನಲ್ಲಿ ಹಾಗೇ ಇತ್ತು. ದೀಪಾವಳಿ ಸೇಲ್‌ನಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಕೊಟ್ಟು ತಂದೆವು. ಒಟ್ಟು 9 ಲೀಟರ್, ಒಂದೊಂದು ಬುಟ್ಟಿ ನಾಲ್ಕೂವರೆ ಲೀಟರ್. ಕಂಪನಿ ಹೆಸರು ಹೇಳಲು ಹೋಗುವುದಿಲ್ಲ. ನಾನು ಹೇಳಬೇಕಾದದ್ದು ಒಂದು ಕಂಪನಿಯ ಬಗ್ಗೆ ಅಲ್ಲ, ಈ ಜಾತಿಯ ಮೆಷಿನ್ ಬಗ್ಗೆ.

ಮೊದಲ ದಿನ ಪುಸ್ತಕದಲ್ಲಿ ಬರೆದ ಹಾಗೇ ಮಾಡಿದೆ. ಎರಡೂ ಬುಟ್ಟಿ ತುಂಬಿಸಿದೆ, ಒಟ್ಟಿಗೆ ಮುಗಿಯುವ ಬಟನ್ ಒತ್ತಿದೆ. ಬೀಪ್ ಆಯಿತು, ತೆರೆದೆ. ಬಂಗುಡೆ ಮೇಲೆ ರವೆ ಬೆಳ್ಳಗೆ ಹಿಟ್ಟಿನ ಹಾಗೆ ಕೂತಿದೆ. ಜೀಗುಜ್ಜೆ ಹೋಳು ಬಗ್ಗಿಸಿದರೆ ಬಗ್ಗುತ್ತದೆ, ಮುರಿಯುವುದಿಲ್ಲ. ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಎಂತ ಮಾರಾಯ್ತಿ ಇದು, ಬೇಯಿಸಿದ ಹಾಗೆ ಉಂಟಲ್ಲ. ಇದಕ್ಕೆ ನಮ್ಮ ಇಡ್ಲಿ ಅಟ್ಟವೇ ಸಾಕಿತ್ತು" ಅಂದರು. ಹನ್ನೊಂದು ಸಾವಿರದ ಮಾತು ಅವರಿಗೆ ಇನ್ನೂ ಹೇಳಿರಲಿಲ್ಲ, ಪುಣ್ಯಕ್ಕೆ.

ಅಲ್ಲಿಂದ ಹೆಚ್ಚುಕಡಿಮೆ ಎಂಟು ತಿಂಗಳು ಇದರ ಹಿಂದೆ ಬಿದ್ದೆ. ಈಗ ಗರಿಗರಿ ಬರುತ್ತದೆ. ಆದರೆ ಕಂಪನಿಯವರು ಹೇಳಿದ ದಾರಿಯಲ್ಲಿ ಅಲ್ಲ.

ಮೊದಲು ಕರೆಂಟಿನ ಕತೆ. ನನ್ನ ತಮ್ಮ ವೈರಿಂಗ್ ಕೆಲಸ ಮಾಡುವವನು. ಒಂದು ಭಾನುವಾರ ಊಟಕ್ಕೆ ಬಂದವನು ಮೆಷಿನ್ ತಿರುಗಿಸಿ ಹಿಂದಿನ ಸ್ಟಿಕ್ಕರ್ ಓದಿದ. 1800 ವ್ಯಾಟ್. "ಅಕ್ಕ, ಇದು ಎರಡೂ ಬುಟ್ಟಿ ಸೇರಿ ಒಟ್ಟು" ಅಂದ. ಆಮೇಲೆ ಅವನ ಬ್ಯಾಗಿನಲ್ಲಿದ್ದ ಪ್ಲಗ್ ಮೀಟರ್ ಹಾಕಿ ತೋರಿಸಿದ. ಒಂದೇ ಬುಟ್ಟಿ ಓಡಿಸಿದರೆ ಮೀಟರ್ 1350ರ ಹತ್ತಿರ ನಿಲ್ಲುತ್ತದೆ. ಎರಡೂ ಓಡಿಸಿದರೆ 2700 ಆಗಬೇಕಲ್ವಾ? 1780 ದಾಟಲಿಲ್ಲ. ಅಂದರೆ ಒಂದೊಂದಕ್ಕೆ ಸಿಗುವುದು 900ಕ್ಕಿಂತ ಕಡಿಮೆ. ಒಂದೇ ಬುಟ್ಟಿ ಇದ್ದಾಗ ನಾಲ್ಕು ನಿಮಿಷಕ್ಕೆ ಕಾಯುವುದು, ಎರಡೂ ಇದ್ದಾಗ ಏಳು ನಿಮಿಷ ಬೇಕು. ಎರಡೂ ಕಡೆ ಹಸಿ ಸಾಮಾನು ತುಂಬಿದರೆ ಕೇಳುವುದೇ ಬೇಡ. ಡಿಸ್‌ಪ್ಲೇ ಮೇಲೆ ಮಾತ್ರ 200 ಡಿಗ್ರಿ ಅಂತ ಜಂಬದಿಂದ ಉರಿಯುತ್ತಿರುತ್ತದೆ.

ಇನ್ನೂ ಒಂದು ವಿಷಯ ನನಗೇ ಹೊಳೆದದ್ದು, ಅದಕ್ಕೆ ಸ್ವಲ್ಪ ಹೆಮ್ಮೆ ಇದೆ. ಒಟ್ಟಿಗೆ ಮುಗಿಯುವ ಬಟನ್ ಏನು ಮಾಡುತ್ತದೆ? ಜಾಸ್ತಿ ಹೊತ್ತು ಬೇಕಾದದ್ದನ್ನು ಮೊದಲು ಶುರು ಮಾಡುತ್ತದೆ, ಕಡಿಮೆ ಹೊತ್ತಿನದ್ದನ್ನು ಆಮೇಲೆ ಸೇರಿಸಿಕೊಳ್ಳುತ್ತದೆ. ಹಾಗಾಗಿ ಕೊನೆಯ ಹತ್ತು ನಿಮಿಷ ಎರಡೂ ಒಟ್ಟಿಗೆ ಓಡುತ್ತಿರುತ್ತವೆ. ಗರಿಗರಿ ಆಗುವುದೇ ಆ ಕೊನೆಯ ಹೊತ್ತಿನಲ್ಲಿ! ಸರಿಯಾಗಿ ಶಾಖ ಬೇಕಾದಾಗಲೇ ಅರ್ಧರ್ಧ ಹಂಚಿಕೆ. ಆ ಬಟನ್ ನಾನು ಈಗ ಮುಟ್ಟುವುದಿಲ್ಲ. ಎರಡನ್ನೂ 180ರಲ್ಲಿ ಮುಕ್ಕಾಲು ಭಾಗ ಬೇಯಿಸಿ, ಆಮೇಲೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು 200ರಲ್ಲಿ ನಾಲ್ಕೈದು ನಿಮಿಷ ಒಂಟಿಯಾಗಿ ಓಡಿಸುತ್ತೇನೆ. ಅದನ್ನು ಹೊರಗೆ ತೆಗೆದ ಮೇಲೆ ಮತ್ತೊಂದಕ್ಕೆ ಅದೇ ನಾಲ್ಕೈದು ನಿಮಿಷ. ಊಟ ಐದು ನಿಮಿಷ ತಡ, ಅಷ್ಟೇ. ಜಾಸ್ತಿ ವ್ಯಾಟ್‌ನ ಮೆಷಿನ್ ಇದ್ದವರಿಗೆ ಈ ಕಷ್ಟ ಕಡಿಮೆ ಇರಬಹುದು.

ಪ್ಲಗ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 6 ಆಂಪಿಯರ್ ಸಾಕೆಟ್ ತಡೆಯುವುದು 1380 ವ್ಯಾಟ್ ಮಾತ್ರ. ನಾನು ಮೊದಲ ವಾರ ಮಿಕ್ಸಿಯ ಎಕ್ಸ್‌ಟೆನ್ಷನ್ ಬಾಕ್ಸಿಗೆ ಕನ್ವರ್ಟರ್ ಸಿಕ್ಕಿಸಿ ಓಡಿಸಿದ್ದೆ. ಮೂರನೇ ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ. ಮುಟ್ಟಿ ನೋಡಿದರೆ ಬಾಕ್ಸ್ ಕಾವಲಿಯ ಹಾಗೆ ಬಿಸಿ. ತಮ್ಮ ಬೈದದ್ದನ್ನು ಇಲ್ಲಿ ಬರೆಯಲು ಆಗುವುದಿಲ್ಲ. ಗೋಡೆಯ 16 ಆಂಪಿಯರ್ ಸಾಕೆಟ್ ಅಡಿಗೆಮನೆಯಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಆಮೇಲೆ ಮೆಷಿನ್ ತನ್ನಿ.

ಎರಡನೆಯದು ನೀರು. ಈ ಮೆಷಿನ್ನಿಗೆ ಫ್ರೈಯರ್ ಅಂತ ಹೆಸರಿಟ್ಟವರು ನಮಗೆ ಮೋಸ ಮಾಡಿದರು ಅಂತಲೇ ನನ್ನ ಅಭಿಪ್ರಾಯ. ಇದು ಕರಿಯುವುದಿಲ್ಲ. ಮೇಲೆ ಕಾಯಿಲ್, ಅದರ ಮೇಲೆ ಫ್ಯಾನ್, ಬಿಸಿಗಾಳಿ ಬೀಸಿ ಒಣಗಿಸುವ ಚಿಕ್ಕ ಓವನ್. ಕಾದ ಎಣ್ಣೆಗೆ ಹಸಿ ಮೀನು ಬಿದ್ದರೆ ಚೊಂಯ್ ಅಂತ ನೀರೆಲ್ಲ ಒಂದೇ ಏಟಿಗೆ ಹಾರಿಹೋಗುತ್ತದೆ. ಗಾಳಿಗೆ ಆ ತಾಕತ್ತು ಇಲ್ಲ. ಮೇಲೆ ನೀರಿನ ಪಸೆ ಇರುವ ತನಕ ಅದು 100 ಡಿಗ್ರಿ ದಾಟುವುದಿಲ್ಲ, ಅಲ್ಲಿಯವರೆಗೆ ಕೆಂಪಾಗುವುದೂ ಇಲ್ಲ. ಬರೀ ಬೇಯುತ್ತದೆ. ಅತ್ತೆ ಇಡ್ಲಿ ಅಟ್ಟ ಅಂದದ್ದು ಸರಿಯೇ.

ಹಾಗಾಗಿ ಈಗ ಬಂಗುಡೆ ರವಾ ಫ್ರೈ ಮಾಡುವ ಕ್ರಮ ಹೀಗೆ. ಮೀನು ತೊಳೆದು, ಗೀರು ಹಾಕಿ, ಹಳೆಯ ಕಾಟನ್ ಪಂಚೆಯ ತುಂಡಿನಲ್ಲಿ ಒಳಗೆ ಹೊರಗೆ ಒರೆಸುತ್ತೇನೆ. ಹೊಟ್ಟೆಯ ಒಳಗೂ ಒರೆಸಬೇಕು, ಅಲ್ಲಿ ನೀರು ಅಡಗಿ ಕೂತಿರುತ್ತದೆ. ಮೆಣಸಿನ ಪುಡಿ, ಅರಿಶಿನ, ಉಪ್ಪು, ಹುಣಸೆ ಹುಳಿ ಹಾಕಿದ ಮಸಾಲೆ ಗಟ್ಟಿ ಇರಬೇಕು. ಕಾವಲಿಗೆ ಮಾಡುವಾಗ ಇರುವಷ್ಟು ತೆಳು ಬೇಡ. ಇನ್ನು ರವೆ. ಒಣ ರವೆ ಹಚ್ಚಿ ಮೇಲಿಂದ ಎಣ್ಣೆ ಚಿಮುಕಿಸಿದರೆ ಅಲ್ಲಲ್ಲಿ ಕಂದು, ಅಲ್ಲಲ್ಲಿ ಬಿಳಿ, ತೊನ್ನು ಹಿಡಿದ ಹಾಗೆ ಕಾಣುತ್ತದೆ. ನಾಲ್ಕು ಚಮಚ ಚಿರೋಟಿ ರವೆಗೆ ಎರಡು ಚಮಚ ಅಕ್ಕಿ ಹಿಟ್ಟು, ಎರಡು ಚಿಕ್ಕ ಚಮಚ ತೆಂಗಿನೆಣ್ಣೆ. ಬೆರಳ ತುದಿಯಲ್ಲಿ ತಿಕ್ಕಿ ತಿಕ್ಕಿ ಬೆರೆಸಬೇಕು. ಮುಷ್ಟಿಯಲ್ಲಿ ಹಿಡಿದರೆ ಒದ್ದೆ ಮರಳಿನ ಹಾಗೆ ಒಂದು ಕ್ಷಣ ನಿಂತು ಉದುರಬೇಕು. ಅಷ್ಟು ಎಣ್ಣೆ ಸಾಕು. ಅದನ್ನು ಮೀನಿಗೆ ಒತ್ತಿ, ಮುಚ್ಚದೆ ಫ್ರಿಜ್ಜಿನಲ್ಲಿ ಕಾಲು ಗಂಟೆ ಇಡುತ್ತೇನೆ. ಮಸಾಲೆ ಒಣಗಿ ರವೆ ಅಂಟಿಕೊಳ್ಳುತ್ತದೆ.

ಬುಟ್ಟಿ ಖಾಲಿ ಕಾಯಿಸುವುದು ಕಡ್ಡಾಯ. ಕಾದ ಜಾಲರಿ ತಟ್ಟೆಗೆ ಮೀನು ಇಟ್ಟಾಗ ಸಣ್ಣಗೆ ಚುಂಯ್ ಅನ್ನಬೇಕು. ತಲೆ ತೆಗೆದ ಮಧ್ಯಮ ಗಾತ್ರದ ಬಂಗುಡೆ ಒಂದು ಬುಟ್ಟಿಗೆ ಮೂರು. ನಾಲ್ಕನೆಯದನ್ನು ತುರುಕಿದರೆ ಹಿಡಿಸುತ್ತದೆ, ಆದರೆ ಒಂದಕ್ಕೊಂದು ತಾಗಿದ ಕಡೆಯೆಲ್ಲ ಹಸಿ ಮೆತ್ತಗೆ. ನಾಲ್ಕೂವರೆ ಲೀಟರ್ ಅನ್ನುವ ಲೆಕ್ಕ ನೀರು ತುಂಬಿಸಲಿಕ್ಕೆ ಸರಿ. ಮೀನಿಗೆ ಬೇಕಾದದ್ದು ಅಗಲ, ಆಳ ಅಲ್ಲ. 180ರಲ್ಲಿ ಒಂಬತ್ತು ನಿಮಿಷ, ಮಗುಚಿ 200ರಲ್ಲಿ ನಾಲ್ಕೈದು ನಿಮಿಷ. ಬಂಗುಡೆಗೆ ತನ್ನದೇ ಕೊಬ್ಬು ಇರುವುದರಿಂದ ಒಳಗೆ ಒಣಗುವುದಿಲ್ಲ, ಆ ಕೊಬ್ಬೇ ರವೆಗೆ ಇಳಿದು ಕರಿದ ಹಾಗೆ ಆಗುತ್ತದೆ. ಕಾಣೆ ಮೀನು ಮಾತ್ರ ಬೇಡ. ಅದರಲ್ಲಿ ಕೊಬ್ಬು ಕಡಿಮೆ, ನಾರು ನಾರಾಗುತ್ತದೆ. ಕಾಣೆಗೆ ಕೊಡುವ ದುಡ್ಡಿಗೆ ಆ ಗತಿ ಆಗಬಾರದು.

ಮಳೆಗಾಲದಲ್ಲಿ ಎಲ್ಲ ಲೆಕ್ಕವೂ ತಪ್ಪುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ನಾಡದೋಣಿಯವರು ತಂದದ್ದಕ್ಕೆ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆಗ ಬರುವುದು ಐಸಿನ ಮೀನು. ಅದು ಕರಗಿದಷ್ಟೂ ನೀರು ಬಿಡುತ್ತದೆ. ಡಬ್ಬದ ರವೆಯೂ ಗಾಳಿಗೆ ಮೆತ್ತಗಾಗಿರುತ್ತದೆ. ಈ ಜುಲೈಯಲ್ಲಿ ಎರಡು ಸಲ ಸೋತ ಮೇಲೆ ರವೆಯನ್ನು ಎರಡು ನಿಮಿಷ ಹುರಿದು ಆರಿಸಿಕೊಂಡೆ, ಮೀನನ್ನು ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ನೀರು ಬಸಿದು ಒರೆಸಿದೆ. ಆಮೇಲೆ ಪರವಾಗಿಲ್ಲ ಅನ್ನುವಷ್ಟು ಬಂತು.

ಅತ್ತೆಯ ಬುಟ್ಟಿಯಲ್ಲಿ ಗೆದ್ದದ್ದು ಜೀಗುಜ್ಜೆ ಮತ್ತು ಸುವರ್ಣಗೆಡ್ಡೆ. ಕಾಲಿಂಚಿಗಿಂತ ದಪ್ಪ ಬೇಡ. ಸುವರ್ಣಗೆಡ್ಡೆಯನ್ನು ಹುಳಿ ನೀರಿನಲ್ಲಿ ಅರೆ ಬೇಯಿಸಿ, ಬಸಿದು, ಹಬೆ ಆರುವ ತನಕ ಮೊರದಲ್ಲಿ ಹರಡಬೇಕು. ಹಬೆ ಅಂದರೆ ಹೊರಗೆ ಹೋಗುತ್ತಿರುವ ನೀರು, ಅದು ಇಲ್ಲೇ ಹೋದರೆ ಮೆಷಿನ್ನಿಗೆ ಅಷ್ಟು ಕೆಲಸ ಕಡಿಮೆ. ಬೆಂಡೆಕಾಯಿ, ಹಾಗಲಕಾಯಿ ಚೆನ್ನಾಗಿ ಬರುತ್ತವೆ, ಹೇಳುವಂಥದ್ದೇನೂ ಇಲ್ಲ.

ಮಗಳಿಗೆ ಬೇಕಾದದ್ದು ಫಿಂಗರ್ ಚಿಪ್ಸ್. ಆಲೂಗಡ್ಡೆ ಹೆಚ್ಚಿ ಅರ್ಧ ಗಂಟೆ ತಣ್ಣೀರಿನಲ್ಲಿ ಹಾಕಿದರೆ ನೀರು ಗಂಜಿಯ ಹಾಗೆ ಬೆಳ್ಳಗಾಗುತ್ತದೆ. ಆ ಗಂಜಿ ಹೋಗದಿದ್ದರೆ ತುಂಡುಗಳು ಒಂದಕ್ಕೊಂದು ಅಂಟುತ್ತವೆ. ಮೂರು ನಿಮಿಷ ಕುದಿಸಿ, ಬಸಿದು, ಒರೆಸಿ, ಒಂದು ಚಮಚ ಎಣ್ಣೆ, ಒಂದು ಚಮಚ ಅಕ್ಕಿ ಹಿಟ್ಟು. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಆಲೂಗಡ್ಡೆ ಫ್ರಿಜ್ಜಿನಲ್ಲಿ ಇಡಬೇಡಿ. ತಣ್ಣಗಿದ್ದರೆ ಅದರ ಪಿಷ್ಟ ಸಕ್ಕರೆ ಆಗುತ್ತದೆ, ಗರಿ ಆಗುವ ಮೊದಲೇ ಕಪ್ಪಗಾಗುತ್ತದೆ.

ಆಗದೇ ಇದ್ದದ್ದು ಗೋಳಿಬಜೆ. ತೆಳು ಹಿಟ್ಟು ಜಾಲರಿಯಿಂದ ಸೋರಿ ಕೆಳಗೆ ದೋಸೆ ಆಯಿತು. ಬಾಳೆಕಾಯಿ ಪೋಡಿ, ಅಂದರೆ ಬಜ್ಜಿಯೂ ಹಾಗೇ. ಹಲಸಿನ ಹಪ್ಪಳ ಹಾಕಿದ ದಿನ ಇನ್ನೂ ಮಜಾ. ಹಗುರ ನೋಡಿ, ಗಾಳಿಗೆ ಎದ್ದು ಹಾರಿ ಕಾಯಿಲ್‌ಗೆ ಅಂಟಿ ಹೊಗೆ ಎಬ್ಬಿಸಿತು. ಈಗ ಮೇಲೆ ಒಂದು ಸ್ಟೀಲ್ ಸ್ಟ್ಯಾಂಡ್ ಹೇರಿಟ್ಟು ಸುಡುತ್ತೇನೆ. "ಕೆಂಡದಲ್ಲಿ ಸುಟ್ಟ ಹಾಗೇ ಉಂಟು" ಅಂತ ಅತ್ತೆಯಿಂದ ಸಿಕ್ಕಿದ ಮೊದಲ ಶಹಭಾಸ್‌ಗಿರಿ ಅದಕ್ಕೇ.

ಬೀಪ್ ಆದ ಮೇಲೂ ಕೆಲಸ ಕೆಡಬಹುದು. ಬುಟ್ಟಿಯೊಳಗೇ ಬಿಟ್ಟರೆ ಐದೇ ನಿಮಿಷಕ್ಕೆ ತನ್ನದೇ ಹಬೆಗೆ ಮೆತ್ತಗಾಗುತ್ತದೆ. ಸ್ಟೀಲ್ ತಟ್ಟೆಗೆ ಹಾಕಿದರೆ ಅಡಿ ಬೆವರುತ್ತದೆ. ನಾನು ಕೇಕ್ ಆರಿಸುವ ಜಾಲರಿ ಮೇಲೆ ಹಾಕುತ್ತೇನೆ. ಅತ್ತೆಗೆ ನೊಣ ಕೂರುತ್ತದೆ ಅಂತ ಎಲ್ಲವನ್ನೂ ಮುಚ್ಚುವ ಅಭ್ಯಾಸ. ಎಷ್ಟೋ ದಿನದ ಗರಿಗರಿ ಆ ಮುಚ್ಚಳದ ಕೆಳಗೇ ಸತ್ತಿದೆ. ಈಗ ಬಿದಿರಿನ ಕುಕ್ಕೆ ಕವುಚಿ ಹಾಕುವುದು ಅಂತ ರಾಜಿ ಆಗಿದೆ.

ಮಡಿಯ ವಿಷಯದಲ್ಲಿ ಮೆಷಿನ್ನಿಗೆ ಪೂರ್ತಿ ಅಂಕ ಕೊಡಲಾರೆ. ಎರಡೂ ಬುಟ್ಟಿ, ಎರಡೂ ಜಾಲರಿ ತಟ್ಟೆ ನೋಡಲು ಒಂದೇ ತರ. ತೊಳೆದಿಟ್ಟ ಮೇಲೆ ಯಾವುದು ಯಾವುದು ಗೊತ್ತಾಗುವುದಿಲ್ಲ. ಮಗಳ ಕೆಂಪು ನೇಲ್ ಪಾಲಿಷ್ ತೆಗೆದು ಮೀನಿನ ಬುಟ್ಟಿಯ ಹಿಡಿಗೆ ಒಂದು ಬೊಟ್ಟು ಇಟ್ಟಿದ್ದೇನೆ. ಅದರ ಜಾಲರಿಯ ಹಿಡಿಕೆಗೆ ಕೆಂಪು ದಾರ ಕಟ್ಟಿ ಒಣಗಿಸುತ್ತೇನೆ, ಒಳಗೆ ಇಡುವಾಗ ಬಿಚ್ಚುತ್ತೇನೆ. ವಾಸನೆ ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹೋಗುವುದು ನನಗೆ ಗೊತ್ತಾಗಿಲ್ಲ, ಆದರೆ ಹಿಂದಿನ ಕಿಂಡಿಯಿಂದ ಅಡಿಗೆಮನೆಗೆಲ್ಲ ಬರುತ್ತದೆ. ಕಿಟಕಿ ತೆರೆದಿಡಬೇಕು.

ತೊಳೆಯುವುದು ಸುಲಭ ಅನ್ನುತ್ತಾರೆ, ಸುಮ್ನೆ. ಉದುರಿದ ರವೆ ಜಾಲರಿಯ ತೂತಿನಲ್ಲಿ ಕೂತು ಗಟ್ಟಿಯಾಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಹಳೆಯ ಟೂತ್‌ಬ್ರಷ್ ಹಾಕಬೇಕು. ಕಬ್ಬಿಣದ ನಾರು ಮುಟ್ಟಿಸಿದರೆ ಕೋಟಿಂಗ್ ಏಳುತ್ತದೆ. ಡಬ್ಬಿಯಲ್ಲಿ ಬರುವ ಎಣ್ಣೆ ಸ್ಪ್ರೇಯೂ ಬೇಡ, ಅದರ ಜಿಗುಟು ಕೋಟಿಂಗ್ ಮೇಲೆ ಕೂತು ಹೋಗುವುದೇ ಇಲ್ಲ. ಜಾಲರಿ ತಟ್ಟೆಯ ಮೂಲೆಯ ರಬ್ಬರ್ ಗುಬ್ಬಿ ಒಂದು ಕಳೆದುಹೋಗಿ, ಹೊಸದಕ್ಕೆ ಸರ್ವಿಸ್‌ನವರು ಹದಿನೆಂಟು ದಿನ ಕಾಯಿಸಿದರು. ಅಷ್ಟು ದಿನ ತಟ್ಟೆ ಟಕ ಟಕ ಅನ್ನುತ್ತಿತ್ತು.

ತೆಗೆದುಕೊಳ್ಳಬೇಕಾ ಅಂತ ಕೇಳಿದರೆ, ಮನೆಯಲ್ಲಿ ಎರಡು ಬಗೆಯ ಊಟ ಇದ್ದರೆ ತೆಗೆದುಕೊಳ್ಳಿ. ಬರೀ ಜಾಸ್ತಿ ಜನಕ್ಕೆ ಅಂತಾದರೆ ಅಗಲದ ಒಂದೇ ಬುಟ್ಟಿಯದ್ದು ಒಳ್ಳೆಯದು ಅಂತ ನನಗನ್ನಿಸುತ್ತದೆ. ಅಂಗಡಿಯಲ್ಲಿ ಲೀಟರ್ ಕೇಳಬೇಡಿ. ಬುಟ್ಟಿ ಎಳೆದು ಒಳಗೆ ಅಂಗೈ ಅಗಲಿಸಿ ಇಟ್ಟು ನೋಡಿ. ಮೆಷಿನ್ ತಿರುಗಿಸಿ ಸ್ಟಿಕ್ಕರ್ ಓದಿ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಅತ್ತೆಗೆ ಕೊನೆಗೂ ಬೆಲೆ ಗೊತ್ತಾಯಿತು, ಮಗಳು ಬಾಯಿಬಿಟ್ಟಳು. ಅತ್ತೆ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಅರ್ಧ ನನ್ನದು, ಹಾಗಾದರೆ ಐದೂವರೆ ಸಾವಿರ" ಅಂದರು. ನಿನ್ನೆ ನೋಡುತ್ತೇನೆ, ಬೊಟ್ಟು ಇಲ್ಲದ ಬುಟ್ಟಿಯನ್ನು ತಾವೇ ತೊಳೆದು ಒರೆಸಿ, ಪೇಪರ್ ಸುತ್ತಿ ಬೇರೆ ಕಪಾಟಿನಲ್ಲಿ ಇಟ್ಟಿದ್ದಾರೆ.